ಮೊದಲು ಅಂಗಿ, ಆಮೇಲೆ ಕವಚ

ಅಕ್ಟೋಬರ್ ಹತ್ತಿರ ಬಂತೆಂದರೆ ಹ್ಯೂಸ್ಟನ್ನಿನ ಕನ್ನಡ ಮನೆಗಳಲ್ಲೂ ಹರೆಯದ ಮಕ್ಕಳು ಆನ್‌ಲೈನಿನಲ್ಲಿ ಕವಚ ಹುಡುಕಲು ಕೂರುತ್ತಾರೆ. ಊರಿನ ವಾಯವ್ಯಕ್ಕೆ ಟಾಡ್ ಮಿಷನ್‌ನಲ್ಲಿ 1974ರಿಂದ ನಡೆದುಬಂದಿರುವ ಟೆಕ್ಸಸ್ ರೆನೆಸಾನ್ಸ್ ಫೆಸ್ಟಿವಲ್‌ಗೆ ಜೀನ್ಸ್ ತೊಟ್ಟು ಹೋದರೂ ಯಾರೂ ತಡೆಯುವುದಿಲ್ಲ. ಆದರೂ 1963ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ಫಿಲಿಸ್ ಪ್ಯಾಟರ್ಸನ್ ಎಂಬ ಶಿಕ್ಷಕಿ ಪತಿಯೊಡನೆ ಮೊದಲ ಮೇಳ ನಡೆಸಿದಾಗಿನಿಂದ ಇಂಥ ಮೇಳಗಳ ಜೀವವೇ ವೇಷ. ನೋಡಲು ಬಂದವರೇ ಸುಮಾರು 16ನೇ ಶತಮಾನದ ಯುರೋಪಿನ ಊರೊಂದರ ಜನವಾಗಿಬಿಡುತ್ತಾರೆ. ಮಕ್ಕಳ ಆಸೆ ಸಹಜವಾದದ್ದು. ಅಪ್ಪ ಅಮ್ಮ ಸುಮ್ಮನೆ ಕಾರ್ಡ್ ಕೊಟ್ಟುಬಿಡದೆ ಜೊತೆಯಲ್ಲಿ ಕೂತು ನೋಡಬೇಕು, ಅಷ್ಟೆ.

ಕೇಳಿದವರಿಗೆಲ್ಲ ನಾನು ಹೇಳುವ ಮಾತು ಒಂದೇ. ಮೊದಲ ದುಡ್ಡನ್ನು ಬಟ್ಟೆಗೆ ಹಾಕಿ, ಉಕ್ಕು ಆಮೇಲೆ.

ಕವಚದ ಕೆಳಗೆ ತೊಡುವ ದಪ್ಪ ಅಂಗಿಗೆ ಗ್ಯಾಂಬೆಸನ್ ಎನ್ನುತ್ತಾರೆ. ಹತ್ತಿಯನ್ನೋ ಬಟ್ಟೆಯ ಪದರಗಳನ್ನೋ ಒಳಗಿಟ್ಟು, ನಮ್ಮ ಉತ್ತರ ಕರ್ನಾಟಕದ ಕೌದಿಯ ಹಾಗೆ ಸಾಲುಸಾಲಾಗಿ ಹೊಲಿಗೆ ಹಾಕಿದ ಅಂಗಿ ಅದು. ಯುರೋಪಿನ ಬಡ ಕಾಲಾಳಿಗೆ ಎಷ್ಟೋ ಸಲ ಅದೊಂದೇ ಕವಚ. ಉಕ್ಕು ತೊಟ್ಟವನಿಗೂ ಅದಿಲ್ಲದೆ ಆಗದು. ತಗಡಿನ ಅಂಚು ಕುತ್ತಿಗೆ ಕೊರೆಯದಂತೆ, ಪಟ್ಟಿ ಭುಜದ ಮೂಳೆಗೆ ಒತ್ತದಂತೆ ಕಾಯುವುದು ಅದೇ. ಟೆಕ್ಸಸ್ಸಿನ ಬಿಸಿಲಿಗೆ ಸೆಖೆಯಾಗುತ್ತದೆ, ನಿಜ. ಪಾಲಿಯೆಸ್ಟರ್ ತುಂಬಿದ್ದು ಬೇಡವೇ ಬೇಡ. ಹತ್ತಿಯದೋ ಲಿನನ್ನಿನದೋ ಆದರೆ ಬೆವರನ್ನಾದರೂ ಹೀರುತ್ತದೆ. ಎದೆಯ ಅಳತೆಯನ್ನು ಈ ಅಂಗಿ ತೊಟ್ಟು, ತಲೆಯ ಅಳತೆಯನ್ನು ಶಿರಸ್ತ್ರಾಣದ ಕೆಳಗಿನ ಒಳಟೋಪಿ ಹಾಕಿಯೇ ತೆಗೆಯಬೇಕು. ಇವೆರಡೂ ಮನೆಗೆ ಬರುವ ಮೊದಲೇ ಉಕ್ಕು ತರಿಸಿದರೆ ಅಳತೆ ತಪ್ಪುವುದು ಖಂಡಿತ.

ಎದೆಗವಚದ ವಿಷಯದಲ್ಲಿ ಚಿತ್ರ ನೋಡಿ ಮೋಸಹೋಗುವುದು ಸುಲಭ. ಹೋದ ವರ್ಷ ನಮ್ಮ ಸಂಘದ ಹುಡುಗನೊಬ್ಬ ಮೇಳದಲ್ಲಿ ಬೆಂಚಿನ ಪಕ್ಕ ನಿಂತೇ ಊಟ ಮಾಡುತ್ತಿದ್ದ. “ಯಾಕೋ, ಕೂತ್ಕೋ” ಅಂದೆ. “ಆಗಲ್ಲ ಅಂಕಲ್, ಕೂತ್ರೆ ಗಂಟಲಿಗೆ ಬರತ್ತೆ” ಅಂದ. ಅವನ ಕವಚ ಸೊಂಟದ ಮೂಳೆ ದಾಟಿ ಇಳಿದಿತ್ತು. ಕೂತೊಡನೆ ತೊಡೆ ಅದನ್ನು ಮೇಲಕ್ಕೆ ತಳ್ಳುತ್ತಿತ್ತು. 16ನೇ ಶತಮಾನದ ಕುಶಲಕರ್ಮಿಗಳು ಎದೆಗವಚವನ್ನು ಹೊಕ್ಕುಳಿಗಿಂತ ತುಸು ಮೇಲೆ, ಮೈ ಬಾಗುವ ಜಾಗದಲ್ಲೇ ಮುಗಿಸುತ್ತಿದ್ದರು. ಕೆಳಗಿನದೆಲ್ಲ ಒಂದರ ಮೇಲೊಂದು ಸರಿಯುವ ಬೇರೆ ಪಟ್ಟಿಗಳು. 20–25 ಕಿಲೋ ತೂಗುವ ಪೂರ್ಣ ಕವಚ ತೊಟ್ಟವನೂ ಕುದುರೆ ಏರುತ್ತಿದ್ದುದು ಹೀಗಾಗಿಯೇ.

ಆದ್ದರಿಂದ ಕೊಳ್ಳುವ ಮೊದಲು ಮಾರುವವರಿಗೆ ಬರೆದು ಉದ್ದ ಕೇಳಿ, ದಪ್ಪ ಕೇಳಿ. ಗೇಜ್ ಸಂಖ್ಯೆ ಹೆಚ್ಚಿದಷ್ಟೂ ತಗಡು ತೆಳು. 18 ಗೇಜ್ ಅಂದರೆ ಸುಮಾರು 1.2 ಮಿಲಿಮೀಟರ್. ವೇಷಕ್ಕೆ ಅಷ್ಟು ಸಾಕು, ಕತ್ತಿವರಸೆಗೆ ಸಾಲದು. ಒಳಮೈಯ ಫೋಟೋ ಕಳಿಸಿ ಅನ್ನಿ. ಅಂಚು ಮಡಚಿದೆಯೇ, ಪಟ್ಟಿ ನಿಜವಾದ ಚರ್ಮವೇ, ರಿವೆಟ್ ಗಟ್ಟಿಯೇ ಎಂಬುದು ಅಲ್ಲಿ ಗೊತ್ತಾಗುತ್ತದೆ. ಉತ್ತರ ಬಾರದಿದ್ದರೆ ಆ ಅಂಗಡಿ ಬಿಟ್ಟುಬಿಡಿ. ತೊಟ್ಟ ದಿನವೇ ಒರೆಸಿ ಎಣ್ಣೆ ಸವರದಿದ್ದರೆ ಬೆವರಿಗೆ ತುಕ್ಕು ಹಿಡಿಯುತ್ತದೆ, ಅದೂ ನೆನಪಿರಲಿ.

ಹೀಗೆ ತರಿಸಿದ ಪೆಟ್ಟಿಗೆಯ ಮೇಲೆ ಎಷ್ಟೋ ಸಲ ಭಾರತದ ವಿಳಾಸ ಇರುತ್ತದೆ. ಡೆಹ್ರಾಡೂನಿನ ವಿಂಡ್ಲಾಸ್ ಸ್ಟೀಲ್‌ಕ್ರಾಫ್ಟ್ಸ್ 1943ರಲ್ಲಿ, ಮಹಾಯುದ್ಧದ ನಡುವೆ, ಗೂರ್ಖಾ ಸೈನಿಕರ ಕುಕ್ರಿ ಮಾಡುತ್ತ ಶುರುವಾದದ್ದು. ಇಂದು ಅಲ್ಲಿಂದ ಯುರೋಪಿನ ಮಾದರಿಯ ಕತ್ತಿ ಕವಚಗಳು ಅಮೆರಿಕಕ್ಕೆ ಬರುತ್ತವೆ. ಇಲ್ಲಿ ಬೆಳೆದ ಮಕ್ಕಳಿಗೆ ಆ ಕೆಲಸಗಾರರ ಬಗ್ಗೆ ತಿಳಿಸಿ ಹೇಳಬೇಕು.

ಅಷ್ಟೇ ಏಕೆ, ನಮ್ಮ ಮಕ್ಕಳು ಇಂಗ್ಲೆಂಡಿನ ನೈಟ್‌ಗಳೇ ಆಗಬೇಕೆಂದೂ ಇಲ್ಲ. ಎಂಟನೇ ಹೆನ್ರಿ ಅಲ್ಲಿ ಸಿಂಹಾಸನವೇರಿದ 1509ರಲ್ಲೇ ವಿಜಯನಗರದಲ್ಲಿ ಕೃಷ್ಣದೇವರಾಯ ಪಟ್ಟಕ್ಕೆ ಬಂದ. 1520ರ ಸುಮಾರಿಗೆ ಆ ನಗರ ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಮಹಾನವಮಿಯ ಹೊತ್ತಿನ ಸೈನ್ಯದ ನಡುವೆ ಪದರ ಪದರವಾಗಿ ಹೊಲಿದ ಅಂಗಿಗಳನ್ನು, ಅವುಗಳೊಳಗಿನ ಗಟ್ಟಿ ತೊಗಲನ್ನು, ಕಬ್ಬಿಣದ ತಗಡುಗಳನ್ನು ಗಮನಿಸಿ ಬರೆದಿಟ್ಟಿದ್ದಾನೆ. ಮೇಳದ ಕಾಲಕ್ಕೆ ರಾಯನ ಸೈನಿಕನೂ ಪೂರ್ತಿ ಸಲ್ಲುತ್ತಾನೆ, ಮತ್ತು ಅವನ ವೇಷಕ್ಕೆ ಬೇಕಾದ ಮುಖ್ಯ ವಸ್ತು ಕೊಳ್ಳುವಂಥದ್ದಲ್ಲ, ಹೊಲಿಯುವಂಥದ್ದು.

ಬೇಸಿಗೆಗೆ ಊರಿಂದ ಬರುವ ಅಮ್ಮಂದಿರು, ಅತ್ತೆಯಂದಿರಲ್ಲಿ ಕೌದಿ ಹೊಲಿಯಬಲ್ಲವರು ಇದ್ದಾರೆ. ಮನೆಯಲ್ಲಿರುವ ಹಳೆಯ ಹತ್ತಿ ಸೀರೆಗಳನ್ನು ತೆಗೆದಿಡಿ, ಜೂನ್ ತಿಂಗಳಲ್ಲೇ ಮಕ್ಕಳನ್ನು ಅವರ ಪಕ್ಕ ಕೂರಿಸಿ ಒಂದೊಂದು ಅಂಗಿ ಹೊಲಿಸಿ. ಎದೆಗವಚವನ್ನು ಆಗಸ್ಟ್‌ನಲ್ಲಿ ತರಿಸಿದರಾಯಿತು.