ಪದಕವೂ ಉಳಿಯೂ

ತೀರಿಹೋದ ತಂದೆತಾಯಿಗೆ ಮಕ್ಕಳು ಸಲ್ಲಿಸಬೇಕಾದ ಹಕ್ಕುಗಳು ಯಾವುವೆಂದು ಕೇಳಿದರೆ ನಮ್ಮ ಹಿರಿಯರು ಬೆರಳು ಮಡಚಿ ಹೇಳುತ್ತಿದ್ದರು: ಅವರಿಗಾಗಿ ದುಆ ಮಾಡುವುದು, ಅವರ ಸಾಲ ತೀರಿಸುವುದು, ಅವರು ಕೊಟ್ಟ ಮಾತು ನಡೆಸುವುದು, ಅವರ ಸ್ನೇಹಿತರನ್ನು ಗೌರವಿಸುವುದು. ಇದಕ್ಕೆ ಇನ್ನೊಂದನ್ನು ಸೇರಿಸಬೇಕೆಂದು ನಮಗೆ ಅನ್ನಿಸುತ್ತದೆ. ಅದು ಅವರನ್ನು ಇದ್ದಂತೆಯೇ ನೆನೆಯುವುದು. ಸತ್ತವರು ತಮ್ಮ ಬಗ್ಗೆ ಬದುಕಿದ್ದವರು ಆಡುವ ಮಾತನ್ನು ತಿದ್ದಲಾರರು. ನಮಗೆ ಬೇಕಾದ ಅಳತೆಗೆ ಅವರನ್ನು ಕತ್ತರಿಸಿಕೊಂಡರೂ ಸುಮ್ಮನೆ ಮಲಗಿರುತ್ತಾರೆ. ಆದ್ದರಿಂದಲೇ ಅವರ ನೆನಪು, ನಂಬಿ ನಮ್ಮ ಕೈಗೆ ಕೊಟ್ಟುಹೋದ ಒಡವೆಯಿದ್ದಂತೆ.

ನಮ್ಮ ಅಬ್ಬಾ ಹೆಗ್ಗಡದೇವನಕೋಟೆ ಸೀಮೆಯ ಎನ್. ಬೇಗೂರಿನವರು. ಬಂಡೀಪುರದ ಕಾಡಿನ ಅಂಚು. ಕಬಿನಿ ಜಲಾಶಯದ ಹಿನ್ನೀರೂ ದೂರವಲ್ಲ. 1962ರ ಚೀನಾ ಯುದ್ಧದ ನಂತರ ಸೇನೆಗೆ ಹೆಚ್ಚು ಜನರನ್ನು ಸೇರಿಸಿಕೊಳ್ಳತೊಡಗಿದಾಗ ಅವರೂ ಸೇರಿದರು. 1965ರಲ್ಲಿ ಪಾಕಿಸ್ತಾನದೊಂದಿಗೆ ಯುದ್ಧವಾದಾಗ ಗಡಿಯಲ್ಲಿದ್ದರು. ಹದಿನೈದು ವರ್ಷ ದುಡಿದು ಊರಿಗೆ ಮರಳಿ, ತಮ್ಮ ತಂದೆಯ ಬಾಚಿ, ಉಳಿ, ಕೊಡತಿಗಳನ್ನು ಕೈಗೆತ್ತಿಕೊಂಡರು. ಅಲ್ಲಿಂದಾಚೆಗೆ ಮೂವತ್ತು ವರ್ಷ ನೇಗಿಲು, ನೊಗ, ಗಾಡಿ, ತೊಟ್ಟಿಲು, ಬಾಗಿಲು. ಬಡಗಿಯ ಕೆಲಸ ಮಾಡಿದ್ದು ಸೇನೆಯಲ್ಲಿದ್ದ ಕಾಲದ ಎರಡರಷ್ಟು. ಆದರೂ ಊರವರ ಬಾಯಲ್ಲಿ ಅವರು ಕೊನೆಯವರೆಗೂ ‘ಮಿಲ್ಟ್ರಿ ಸಾಬ್ರು’.

ಅವರ ಟ್ರಂಕಿನಲ್ಲಿ ಒಂದು ‘ಸಮರ ಸೇವಾ ಸ್ಟಾರ್’ ಇದೆ. 1965ರಲ್ಲಿ ರಣರಂಗದಲ್ಲಿ ಸೇವೆ ಸಲ್ಲಿಸಿದವರಿಗೆ ಕೊಟ್ಟ ಪದಕ. ಯಾರಾದರೂ ಅದನ್ನು ಹೊಗಳಿದರೆ, “ಅಲ್ಲಿದ್ದವರಿಗೆಲ್ಲ ಕೊಟ್ಟರು, ನನಗೊಬ್ಬನಿಗೇ ಅಲ್ಲ” ಎನ್ನುತ್ತಿದ್ದರು.

ಅವರು ತೀರಿಕೊಂಡ ಮೇಲೆ, ಊರೂರುಗಳಲ್ಲಿ ಮನಸ್ಸುಗಳು ಕೆಟ್ಟಿದ್ದ ಒಂದು ಕಾಲದಲ್ಲಿ, ನಮ್ಮ ಹಿತ ಬಯಸುವ ಮಿತ್ರರೊಬ್ಬರು ಹೇಳಿದರು: “ಆ ಪದಕಾನ ಫ್ರೇಮು ಹಾಕಿಸಿ ಬಾಗಿಲ ಎದುರಿಗೇ ತೂಗುಹಾಕಿ ಸಾರ್. ನಿಮ್ಮನ್ನ ಅನುಮಾನಿಸೋರ ಬಾಯಿ ಮುಚ್ಚುತ್ತೆ.” ಅವರ ಮಾತಿನಲ್ಲಿ ಕೆಡುಕಿರಲಿಲ್ಲ. ಆದರೆ ಆ ಮಾತು ನಮ್ಮನ್ನು ಬಹಳ ದಿನ ಕಾಡಿತು. ತಂದೆಯ ಪದಕ ಮಕ್ಕಳ ಪಾಲಿನ ಪ್ರಮಾಣಪತ್ರವಾಗಬಹುದೇ?

ಆಗಬಾರದು ಎಂಬುದು ನಮ್ಮ ಉತ್ತರ. ಅದಕ್ಕೆ ಮೊದಲ ಕಾರಣ ನಮ್ಮ ಪಕ್ಕದ ಮನೆ. ಅಲ್ಲಿ ಸೈನಿಕರಾರೂ ಇರಲಿಲ್ಲ. ಕೂಲಿ ಮಾಡಿ, ಹಸು ಸಾಕಿ ಬದುಕಿದವರಿದ್ದರು. ನಾವು ಪದಕ ತೋರಿಸಿ ಪಾರಾದರೆ ಅವರು ಏನು ತೋರಿಸಬೇಕು? ಸಾಕ್ಷಿ ಕೇಳುವವನಿಗೆ ನಾವು ಸಾಕ್ಷಿ ಕೊಟ್ಟ ಗಳಿಗೆಯಲ್ಲೇ, ಆ ಪ್ರಶ್ನೆ ನ್ಯಾಯವಾದದ್ದೆಂದು ಒಪ್ಪಿಕೊಂಡಂತಾಗುತ್ತದೆ. ಅದರ ಭಾರವನ್ನು ಹೊರಬೇಕಾದವರು ಪದಕವಿಲ್ಲದವರು. ಪೌರತ್ವ ತಂದೆಯ ರಕ್ತ ಕೊಟ್ಟು ಕೊಂಡ ಸರಕಲ್ಲ. ಸಂವಿಧಾನ ಅದನ್ನು ಹಸು ಸಾಕುವವನಿಗೂ ಸೈನಿಕನಿಗೂ ಒಂದೇ ಅಳತೆಯಲ್ಲಿ ಕೊಟ್ಟಿದೆ.

ಎರಡನೆಯ ಕಾರಣ ಸ್ವತಃ ಅಬ್ಬಾ. ಗೋಡೆಗೆ ತೂಗುಹಾಕುವ ಪದಕಕ್ಕೆ ಸರಳವಾದ ಕತೆ ಬೇಕು. ಅವರ ಕತೆ ಸರಳವಾಗಿರಲಿಲ್ಲ. ಚಿಕ್ಕವರಿದ್ದಾಗ ನಾವು ಒಮ್ಮೆ ಕೇಳಿದ್ದುಂಟು: “ಅಬ್ಬಾ, ಆ ಕಡೆ ಇದ್ದವರೂ ಕಲ್ಮಾ ಓದುವವರೇ ಅಲ್ವಾ?” ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹೌದು. ನಮ್ಮ ಕಡೆ ಸತ್ತವರಲ್ಲಿ ನನ್ನ ಜೊತೆ ಒಂದೇ ತಟ್ಟೆಯಲ್ಲಿ ಉಂಡ ಹಿಂದೂ ಹುಡುಗರಿದ್ದರು. ಎರಡೂ ನಿಜ” ಎಂದರು. ಯುದ್ಧದಲ್ಲಿ ತಮ್ಮ ಕೆಲಸ ಮಾಡಿದ್ದರ ಬಗ್ಗೆ ಅವರಿಗೆ ನಾಚಿಕೆಯಿರಲಿಲ್ಲ, ಜಂಬವೂ ಇರಲಿಲ್ಲ. ಶಬೇ ಬರಾತಿನ ರಾತ್ರಿ ಅವರ ದುಆದಲ್ಲಿ ಯುದ್ಧದಲ್ಲಿ ಮಡಿದ ‘ಎಲ್ಲರೂ’ ಇರುತ್ತಿದ್ದರು. ಆ ‘ಎಲ್ಲರೂ’ ಎಂಬ ಮಾತಿಗೆ ಫ್ರೇಮಿನಲ್ಲಿ ಜಾಗವಿಲ್ಲ.

ಹಾಗಾದರೆ ಪದಕವನ್ನು ಮರೆಮಾಡಬೇಕೇ? ನಮ್ಮವರಲ್ಲೇ ಕೆಲವರು, “ಹೊಟ್ಟೆಪಾಡಿಗೆ ಹೋದರು, ಅದರಲ್ಲೇನಿದೆ ಹೇಳಿಕೊಳ್ಳಲು?” ಎಂದವರುಂಟು. ಹೊಟ್ಟೆಪಾಡೂ ಇತ್ತು, ನಿಜ. ಮನೆಯ ಬಡತನ ಅವರನ್ನು ರೈಲು ಹತ್ತಿಸಿತು. ಆದರೆ ಸಂಬಳಕ್ಕೆ ಹೋದವನು ಜೀವವನ್ನೂ ಪಣವಿಟ್ಟಿದ್ದ ಎಂಬುದು ಅದರಿಂದ ಸುಳ್ಳಾಗುವುದಿಲ್ಲ. ಮುಚ್ಚಿಡುವುದೂ ಕತ್ತರಿಸುವುದೇ.

ದೇಶ ತನ್ನ ಸೈನಿಕರನ್ನು ನೆನೆಯುವಾಗ ಹೀಗೆ ಅರ್ಧವನ್ನೇ ನೆನೆಯುತ್ತದೆ. ಅದೇ 1965ರ ಸೆಪ್ಟೆಂಬರ್ 10ರಂದು ಪಂಜಾಬಿನ ಖೇಮ್‌ಕರಣ್ ವಲಯದಲ್ಲಿ ಟ್ಯಾಂಕುಗಳನ್ನು ಹೊಡೆದುರುಳಿಸಿ ಮಡಿದ, ಪರಮವೀರ ಚಕ್ರ ಪಡೆದ ಅಬ್ದುಲ್ ಹಮೀದರ ಹೆಸರು ಎಲ್ಲರಿಗೂ ಗೊತ್ತು. ಅವರು ಉತ್ತರ ಪ್ರದೇಶದ ಧಾಮುಪುರದ ದರ್ಜಿಯ ಮಗ, ಸೇನೆಗೆ ಸೇರುವ ಮುನ್ನ ತಂದೆಯ ಜೊತೆ ಬಟ್ಟೆ ಹೊಲಿಯುತ್ತಿದ್ದವರು ಎಂಬುದು ಎಷ್ಟು ಜನರಿಗೆ ಗೊತ್ತು? ಜೀಪಿನ ಮೇಲಿನ ತೋಪು ನೆನಪಿನಲ್ಲಿದೆ, ಸೂಜಿ ಮರೆತುಹೋಗಿದೆ. ಪ್ರವಾದಿ ದಾವೂದರ ವಿಷಯ ಹಾಗಲ್ಲ. ಜಾಲೂತನನ್ನು ಸೋಲಿಸಿದ ಯೋಧ ಅವರು, ರಾಜರೂ ಹೌದು. ಆದರೂ ಕಬ್ಬಿಣ ಮಣಿಸಿ ಕವಚ ಮಾಡುತ್ತಿದ್ದರು, ತಮ್ಮ ಕೈಯ ದುಡಿಮೆಯಿಂದಲೇ ಉಣ್ಣುತ್ತಿದ್ದರು ಎಂಬುದನ್ನು ನಮ್ಮ ಪರಂಪರೆ ಮರೆಯದೆ ಹೇಳುತ್ತಾ ಬಂದಿದೆ. ಗೆಲುವಿನ ಜೊತೆಗೆ ಕಸುಬನ್ನೂ ಇಟ್ಟು ಹೇಳಿದಾಗಲೇ ಮನುಷ್ಯ ಪೂರ್ತಿ ಕಾಣುತ್ತಾನೆ.

ಅಬ್ಬಾ ಯುದ್ಧದ ಬಗ್ಗೆ ಮಾತಾಡಿದ್ದು ಕಡಿಮೆ, ಮರದ ಬಗ್ಗೆ ಹೆಚ್ಚು. ಹಸಿ ಮರದಲ್ಲಿ ಬಾಗಿಲು ಮಾಡಿಕೊಡುವುದು ಮೋಸ, ಏಕೆಂದರೆ ಅದು ಬಿಸಿಲಿಗೆ ಸೊಟ್ಟಗಾಗುವಾಗ ಬಡಗಿ ಎದುರಿಗಿರುವುದಿಲ್ಲ ಎನ್ನುತ್ತಿದ್ದರು. ಬೀಟೆಗೆ ಆಸೆಪಡುತ್ತಿದ್ದರು, ಆದರೆ ಕಾಡಿನಿಂದ ಕದ್ದು ತಂದದ್ದೆಂದು ಅನುಮಾನ ಬಂದರೆ ಮುಟ್ಟುತ್ತಿರಲಿಲ್ಲ. ಮೈಸೂರಿನ ಕುಸುರಿಗಾರರು ಬೀಟೆಯಲ್ಲಿ ಚಿತ್ರ ಕೂಡಿಸುತ್ತಾರೆ, 2005ರಲ್ಲಿ ಆ ಕಲೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಸಿಕ್ಕಿತು. ಹಳ್ಳಿಯ ಬಡಗಿಗೆ ಅಂಥ ಮಾನ್ಯತೆಯಿಲ್ಲ. ಬಡವರ ಮನೆಯ ತೊಟ್ಟಿಲಿಗೆ ಅವರು ಕೂಲಿ ಕೇಳುತ್ತಿರಲಿಲ್ಲ. “ಮಗು ಮಲಗಿದರೆ ಸಾಕು ಬಿಡವ್ವ” ಎಂದು ಕಳಿಸಿಬಿಡುತ್ತಿದ್ದರು.

ಟ್ರ್ಯಾಕ್ಟರು ಬಂದು ಅವರ ನೇಗಿಲುಗಳು ಒಲೆ ಸೇರಿದವು. ಬಾಗಿಲುಗಳು ಉಳಿದಿವೆ. ಗೌಡರ ಮನೆಯಲ್ಲಿ, ನಾಯಕರ ಕೇರಿಯಲ್ಲಿ ದಿನಕ್ಕೆ ಹತ್ತು ಸಲ ತೆಗೆದು ಮುಚ್ಚುವ ಬಾಗಿಲುಗಳವು. ಅವುಗಳ ಮೇಲೆ ಹೆಸರಿಲ್ಲ. ಮಾಡಿದವನ ನಿಷ್ಠೆ ಎಂಥದೆಂದು ಆ ಮನೆಯವರಾರೂ ಸಾಕ್ಷಿ ಕೇಳಿದ್ದಿಲ್ಲ. ಬಾಗಿಲು ಸರಿಯಾಗಿ ಕೂತಿರುವುದೇ ಅವರಿಗೆ ಸಾಕಾಗಿದೆ.

ಪದಕವನ್ನು ನಾವು ಗೋಡೆಗೂ ಹಾಕಿಲ್ಲ, ಯಾರಿಂದಲೂ ಬಚ್ಚಿಟ್ಟೂ ಇಲ್ಲ. ಟ್ರಂಕಿನಲ್ಲಿ ಅದು ಅವರ ಉಳಿಗಳ ಪಕ್ಕದಲ್ಲಿದೆ. ಮೊಮ್ಮಕ್ಕಳು ಅಜ್ಜನ ಬಗ್ಗೆ ಕೇಳಿದಾಗ ಎರಡನ್ನೂ ಕೈಗೆ ಕೊಡುತ್ತೇವೆ, ಆ ರಾತ್ರಿಯ ದುಆವನ್ನೂ ಹೇಳುತ್ತೇವೆ. ಅನುಮಾನದಿಂದ ಕೇಳುವವರಿಗೆ ತೋರಿಸಲು ನಮ್ಮ ಬಳಿ ಏನೂ ಇಲ್ಲ. ಪ್ರೀತಿಯಿಂದ ಕೇಳುವವರಿಗೆ ಮಾತ್ರ ಹೇಳಲು ಬಹಳವಿದೆ.