ಪಾರ್ಟು ಹಿಡಿದವರ ಸಂಗೀತ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ನಲವತ್ತೈದು ದಾಟಿದ ತೆಂಗು ಬೆಳೆಗಾರರೊಬ್ಬರು ‘ಸಂಗೀತ ಕಲೀತೀನಿ’ ಎಂದರೆ ‘ಈ ವಯಸ್ಸಲ್ಲಾ?’ ಎಂಬ ಮಾತು ಬಂದೇ ಬರುತ್ತದೆ. ಅವರೇ ಊರಹಬ್ಬದ ‘ಕುರುಕ್ಷೇತ್ರ’ ನಾಟಕಕ್ಕೆ ಕರ್ಣನ ಪಾರ್ಟು ಹಿಡಿದರೆ ಯಾರೂ ವಯಸ್ಸು ಕೇಳುವುದಿಲ್ಲ. ಪಾರ್ಟಿನ ಜೊತೆಗೆ ಪದ್ಯಗಳು ಬರುತ್ತವೆ, ಪದ್ಯಕ್ಕೊಂದು ರಾಗ ಬರುತ್ತದೆ. ತಿಂಗಳುಗಟ್ಟಲೆ ರಾತ್ರಿ ತಾಲೀಮಿನಲ್ಲಿ ಹಾರ್ಮೋನಿಯಂ ಮೇಷ್ಟ್ರ ಎದುರು ಕೂತು ಅವನ್ನು ಕಲಿಯಬೇಕು. ಎರಡೂ ಸಂಗೀತವೇ, ಕೊರಳೂ ಅದೇ. ಒಂದನ್ನು ಅನುಮಾನಿಸಿ ಇನ್ನೊಂದನ್ನು ಒಪ್ಪುವ ನಾವು ಸಂಗೀತದ ಕಲಿಕೆ ಎಂದರೆ ಏನೆಂದುಕೊಂಡಿದ್ದೇವೆ?

ವಿದ್ವಾಂಸರಾಗುವುದಕ್ಕೆ ಮಾತ್ರ ಸಂಗೀತ ಕಲಿಯಬೇಕು ಎಂದುಕೊಂಡಿದ್ದೇವೆ. ಹಾಗೆಂದುಕೊಂಡರೆ ತಡವಾಗಿ ಶುರುಮಾಡಿದವರು ಸೋತವರೇ. ಆದರೆ ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿ ಉಂಡೆಕೊಬ್ಬರಿಯಾದ ಕಾಯಿಯನ್ನು ಈ ಸೀಮೆಯಲ್ಲಿ ಯಾರೂ ‘ಎಳನೀರಾಗಲು ತಪ್ಪಿಹೋದದ್ದು’ ಎನ್ನುವುದಿಲ್ಲ. ಅದರ ರುಚಿ ಬೇರೆ, ಬಳಕೆ ಬೇರೆ, ಬೆಲೆ ಬೇರೆ. ದೊಡ್ಡವರ ಕಲಿಕೆಗೂ ಅದರದೇ ಅಳತೆ ಬೇಕು.

ವಯಸ್ಸು ಏನನ್ನೂ ಕಸಿದುಕೊಳ್ಳುವುದಿಲ್ಲ ಎಂದು ನಾನು ವಾದಿಸುವುದಿಲ್ಲ. ಬಿರುಸಿನ ಸಂಗತಿಗಳಿಗೆ ಕೊರಳು ಸುಲಭವಾಗಿ ಬಾಗದು. ಬೇರೆ ಸ್ವರದ ಆಸರೆಯಿಲ್ಲದೆ ಒಂದು ಸ್ವರವನ್ನು ಕೇಳಿದ ಕೂಡಲೇ ಗುರುತಿಸುವ ಶಕ್ತಿ ಹೆಚ್ಚಾಗಿ ಎಳವೆಯಲ್ಲೇ ಕೂಡಿಬರುವಂಥದ್ದು. ಆದರೆ ನಮ್ಮ ಸಂಗೀತ ಆ ಶಕ್ತಿಯನ್ನು ಬೇಡುವುದೇ ಇಲ್ಲ. ಇಲ್ಲಿ ಷಡ್ಜ ಹಾಡುವವರ ಕೊರಳಿಗೆ ತಕ್ಕಂತೆ ನಿಲ್ಲುತ್ತದೆ, ಉಳಿದ ಸ್ವರಗಳು ಅದನ್ನು ಆಧರಿಸಿ ನಿಲ್ಲುತ್ತವೆ. ತಾಲೀಮಿನ ಮೇಷ್ಟ್ರು ಮೊದಲು ಮಾಡುವ ಕೆಲಸವೂ ಇದೇ: ‘ನಿಮ್ಮ ದನಿ ಯಾವ ಮನೆಗೆ ಕೂರುತ್ತೆ, ನೋಡೋಣ ಗೌಡ್ರೆ.’ ಕಲಿಯುವವರ ಕೊರಳನ್ನೇ ಆಧಾರವಾಗಿ ಒಪ್ಪುವ ವಿದ್ಯೆ ವಯಸ್ಸಾದವರಿಗೆ ಬಾಗಿಲು ಹಾಕಿದೆ ಎನ್ನಲು ಏನು ಆಧಾರ?

ಪದ್ಯ ಕಲಿಸುವ ಕ್ರಮವನ್ನು ಗಮನಿಸಿ. ಸಂಗೀತದ ತರಗತಿಯಲ್ಲಿ ಸರಳೆ, ಜಂಟಿ, ಅಲಂಕಾರ, ಗೀತೆ, ವರ್ಣ, ಕೃತಿಗಳನ್ನು ದಾಟಿ ಹೋದ ಮೇಲೆ ಮನೋಧರ್ಮದ, ಅಂದರೆ ಹಾಡುವವರು ತಾವೇ ಕಲ್ಪಿಸಿ ಹಾಡುವುದರ, ಮಾತು ಬರುತ್ತದೆ. ನಾಟಕದ ಕಂದ, ವೃತ್ತಗಳಿಗೆ ಬಹುಮಟ್ಟಿಗೆ ತಾಳದ ಕಟ್ಟಿಲ್ಲ. ಎಲ್ಲಿ ಉಸಿರು ನಿಲ್ಲಿಸಬೇಕು, ಯಾವ ಪದವನ್ನು ಎಳೆಯಬೇಕು, ಕೊನೆಯ ಆಲಾಪವನ್ನು ಎಷ್ಟು ಬೆಳೆಸಬೇಕು ಎಂಬುದನ್ನು ಹಾಡುವವರೇ ತೀರ್ಮಾನಿಸಬೇಕು. ಅಂದರೆ ಮನೋಧರ್ಮದ ಮೊದಲ ಹೆಜ್ಜೆ ಮೊದಲ ಪದ್ಯದಲ್ಲೇ ಇದೆ. ಈ ತೀರ್ಮಾನಕ್ಕೆ ಬೇಕಾದದ್ದು ಅರ್ಥದ ಅರಿವು. ತಾಯಿ ಕುಂತಿಯೆಂದು ತಿಳಿದ ಮೇಲೂ ದುರ್ಯೋಧನನನ್ನು ಬಿಡಲಾರದ ಕರ್ಣನ ಸಂಕಟವನ್ನು, ಋಣವೆಂದರೇನೆಂದು ಬಾಳಿ ತಿಳಿದವರು ಹಾಡುವ ಬಗೆಯೇ ಬೇರೆ.

ರಾಗ ಸಂಯೋಜನೆಯೂ ನಾವು ಭಾವಿಸಿದಷ್ಟು ದೂರದ್ದಲ್ಲ. ಪುರಂದರದಾಸರ ಬಹುಪಾಲು ಪದಗಳ ಮೂಲ ಧಾಟಿ ನಮಗೆ ಉಳಿದುಬಂದಿಲ್ಲ. ಇಂದು ಕೇಳುವ ದೇವರನಾಮಗಳಲ್ಲಿ ಹೆಚ್ಚಿನವಕ್ಕೆ ನಂತರದವರು ಯಾರೋ ರಾಗ ಕೂರಿಸಿದ್ದಾರೆ. ಭಜನಾ ಮಂಡಳಿಯ ಹೆಂಗಸರು ಹೊಸ ಪದವೊಂದಕ್ಕೆ ತಮಗೆ ಗೊತ್ತಿದ್ದ ಧಾಟಿಯನ್ನು ಹೊಂದಿಸಿ, ಒಗ್ಗದ ಕಡೆ ಬದಲಿಸಿಕೊಳ್ಳುವಾಗ ಅದೇ ಪರಂಪರೆಯ ಕೆಲಸ ಮಾಡುತ್ತಿರುತ್ತಾರೆ.

ಆ ಪುರಂದರದಾಸರೇ ಸಂಪ್ರದಾಯ ಹೇಳುವಂತೆ ವ್ಯಾಪಾರ, ಸಂಸಾರ ಎಲ್ಲ ಕಂಡ ಶ್ರೀನಿವಾಸ ನಾಯಕರಾಗಿದ್ದು ಆಮೇಲೆ ತಂಬೂರಿ ಹಿಡಿದವರು. ಇಂದು ಮಕ್ಕಳು ಮಾಯಾಮಾಳವಗೌಳದಲ್ಲಿ ಹಾಡುವ ಮೊದಲ ಪಾಠಗಳನ್ನು ರೂಪಿಸಿದ ಕೀರ್ತಿ ನಡುವಯಸ್ಸಿನಲ್ಲಿ ಬಾಳಿನ ದಾರಿ ಬದಲಿಸಿದ ಅವರಿಗೇ ಸಲ್ಲುತ್ತದೆ. ಗ್ರೀಸಿನ ಸಾಕ್ರಟೀಸ್ ಮುಪ್ಪಿನಲ್ಲಿ ಕಾನಸ್ ಎಂಬ ಗುರುವಿನ ಬಳಿ ತಂತಿವಾದ್ಯ ಕಲಿಯಲು ಹೋದಾಗ ಜೊತೆಯ ಹುಡುಗರು ನಕ್ಕು, ಗುರುವನ್ನು ‘ಮುದುಕರ ಮೇಷ್ಟ್ರು’ ಎಂದರಂತೆ; ಪ್ಲೇಟೊನ ‘ಯೂಥಿಡೀಮಸ್’ ಸಂವಾದದಲ್ಲಿ ಈ ಮಾತಿದೆ. ಸಾಕ್ರಟೀಸ್ ಕಲಿಯುವುದನ್ನು ಬಿಡಲಿಲ್ಲ. ಬೇರೆ ಮುದುಕರನ್ನೂ ಜೊತೆಗೆ ಕರೆದುಕೊಂಡು ಹೋದರು. ಹಿರಿಯ ವಿದ್ಯಾರ್ಥಿಗೆ ಒಂಟಿತನ ನೀಗಿಸುವ ಜೊತೆಗಾರರು ಮುಖ್ಯ. ತಾಲೀಮಿನ ಮನೆ ಕೊಡುವುದು ಇದನ್ನೇ: ಜೊತೆಗಾರರು, ಗೊತ್ತಾದ ಒಂದು ದಿನ, ಕೇಳಲು ಕಾದಿರುವ ಊರು.

ಇದಕ್ಕೊಂದು ಗಟ್ಟಿಯಾದ ಆಕ್ಷೇಪವಿದೆ. ಪಾರ್ಟಿನ ಪದ್ಯವನ್ನಷ್ಟೇ ಬಾಯಿಪಾಠ ಮಾಡಿದವರು ಅದೇ ರಾಗದ ಇನ್ನೊಂದು ಪದ್ಯದ ಮುಂದೆ ತಡವರಿಸುತ್ತಾರೆ. ಹಾರ್ಮೋನಿಯಂ ಸ್ವರವನ್ನು ತೋರಿಸುತ್ತದೆ, ಸ್ವರದಿಂದ ಸ್ವರಕ್ಕೆ ಜಾರುವ ಗಮಕವನ್ನು ತೋರಿಸಲಾರದು. ಆ ಕಾರಣವೂ ಸೇರಿ ಆಕಾಶವಾಣಿ 1940ರಿಂದ ಮೂರು ದಶಕ ಆ ವಾದ್ಯವನ್ನು ದೂರವಿಟ್ಟಿತ್ತು. ಆಕ್ಷೇಪವನ್ನು ಒಪ್ಪುತ್ತೇನೆ. ಅದರಿಂದ ಹೊರಡುವ ತೀರ್ಮಾನ ಮಾತ್ರ ‘ಇವರಿಗೆ ಸಂಗೀತ ಬೇಡ’ ಎಂಬುದಲ್ಲ, ‘ಇವರಿಗೆ ಇನ್ನಷ್ಟು ಬೇಕು’ ಎಂಬುದು. ಒಂದು ಪದ್ಯ ಕೈಗೆ ಹತ್ತಿದ ಮೇಲೆ ಹಾರ್ಮೋನಿಯಂ ನಿಲ್ಲಿಸಿ ಬರಿಯ ಶ್ರುತಿಯ ಮೇಲೆ ಅದನ್ನು ಹಾಡಿಸಬೇಕು. ಅದೇ ರಾಗದ ಸರಳೆಯನ್ನು, ಒಂದು ಕೀರ್ತನೆಯನ್ನು ಹೇಳಿಕೊಡಬೇಕು. ಸರಳೆ ಯಾಕೆ ಬೇಕೆಂದು ಆಗ ಅವರ ಕೊರಳೇ ಕೇಳುತ್ತದೆ. ಮಕ್ಕಳಿಗೆ ಅಭ್ಯಾಸ ಮೊದಲು, ಅಗತ್ಯ ಆಮೇಲೆ. ದೊಡ್ಡವರಿಗೆ ಅಗತ್ಯ ಮೊದಲಾಗಲಿ.

ಆದ್ದರಿಂದ ಈ ತಾಲೂಕುಗಳಲ್ಲಿ ವಯಸ್ಕರ ಸಂಗೀತ ಶಾಲೆಯನ್ನು ಹೊಸದಾಗಿ ಹುಡುಕಬೇಕಿಲ್ಲ. ತಾಲೀಮಿನ ಮನೆಯನ್ನು ಶಾಲೆಯೆಂದು ಒಪ್ಪಬೇಕು. ಹಬ್ಬ ಮುಗಿದೊಡನೆ ಅದು ಮುಚ್ಚಬಾರದು. ಊರ ಶಾಲೆಯ ಒಂದು ಕೋಣೆ, ವಾರದಲ್ಲಿ ಕೆಲವು ಸಂಜೆ, ಹಾರ್ಮೋನಿಯಂ ಮೇಷ್ಟ್ರ ಜೊತೆಗೆ ಶಾಸ್ತ್ರೀಯ ಸಂಗೀತ ಬಲ್ಲವರೊಬ್ಬರು, ಇಬ್ಬರಿಗೂ ನ್ಯಾಯವಾದ ಸಂಬಳ, ಪಾರ್ಟಿನವರ ಪಕ್ಕದಲ್ಲಿ ಭಜನೆಯ ಹೆಂಗಸರಿಗೂ ಜಾಗ: ಗ್ರಾಮ ಪಂಚಾಯಿತಿಗೆ ಇಷ್ಟು ಮೀರಿದ ಕೆಲಸವಲ್ಲ. ಕರ್ಣನ ಪಾರ್ಟಿಗೆ ಕೇಳದ ವಯಸ್ಸನ್ನು ಸರಳೆಗೂ ಕೇಳದಿರೋಣ.