ಡಾರ್ಟ್‌ಮತ್ ಪ್ರಭುವು ತೆರೆದ ಬಾಗಿಲು

ದುಷ್ಟ ಅರಸನಾದ ಅಹಾಬನ ಮನೆವಾರ್ತೆಯನ್ನು ನೋಡುತ್ತಿದ್ದ ಓಬದ್ಯನು ಆ ಅರಸನನ್ನು ತಿದ್ದಲಾರದೆ ಹೋದರೂ, ಕರ್ತನ ಪ್ರವಾದಿಗಳಲ್ಲಿ ನೂರು ಮಂದಿಯನ್ನು ಗವಿಗಳಲ್ಲಿ ಅಡಗಿಸಿ ಸಾಕಿದನೆಂಬುದನ್ನು ನಾವು ಬಲ್ಲೆವು. ಅಂಥ ಸ್ಥಿತಿಯಲ್ಲಿದ್ದ ಆಂಗ್ಲ ಪ್ರಭುವೊಬ್ಬನ ಜೀವಿತವನ್ನು ಈ ತಿಂಗಳು ಆಲೋಚಿಸೋಣ.

ವಿಲಿಯಮ್ ಲೆಗ್ ಎಂಬವನು 1731ರಲ್ಲಿ ಹುಟ್ಟಿ, 1750ರಲ್ಲಿ ತನ್ನ ಅಜ್ಜನ ತರುವಾಯ ಡಾರ್ಟ್‌ಮತ್ ಪ್ರಭುವಾದನು. ತಾಯಿಯ ಮರುಮದುವೆಯ ಮೂಲಕ, ಮುಂದೆ ಮಹಾಮಂತ್ರಿಯಾದ ನಾರ್ತ್ ಪ್ರಭುವು ಈತನಿಗೆ ಮಲತಮ್ಮನಾದನು. ಕುಲೀನರು ಭಕ್ತಿಯ ಮಾತನ್ನು ಹಾಸ್ಯಮಾಡುತ್ತಿದ್ದ ಆ ಕಾಲದಲ್ಲಿ ಈತನು ಸುವಾರ್ತೆಯ ವಿಷಯವಾಗಿ ನಾಚಿಕೆಪಡಲಿಲ್ಲ. 1772ರಿಂದ 1775ರ ವರೆಗೆ ಅಮೆರಿಕದ ವಸಾಹತುಗಳ ಮಂತ್ರಿಯಾಗಿದ್ದು ಸಮಾಧಾನವನ್ನೇ ಬಯಸಿದನು. ಆದರೂ 1775ರ ಜನವರಿಯಲ್ಲಿ, ದಂಡಿನವರು ಬಲವನ್ನು ಪ್ರಯೋಗಿಸಬೇಕೆಂಬ ಆಜ್ಞೆಯು ಈತನ ಹೆಸರಿನಿಂದಲೇ ಹೊರಟಿತು. ಏಪ್ರಿಲಿನಲ್ಲಿ ಲೆಕ್ಸಿಂಗ್ಟನ್ ಊರಿನಲ್ಲಿ ರಕ್ತವು ಸುರಿಯಿತು. ಭಕ್ತನೆಂಬ ಕಾರಣದಿಂದ ಇದನ್ನು ನಾವು ಮರೆಮಾಡತಕ್ಕದ್ದಲ್ಲ.

ಇದಕ್ಕೆ ಮುಂಚೆ 1764ರಲ್ಲಿ ಈತನು ಒಂದು ಚಿಕ್ಕ ಕಾರ್ಯವನ್ನು ಮಾಡಿದ್ದನು. ಹಿಂದೆ ಗುಲಾಮರನ್ನು ಸಾಗಿಸುವ ಹಡಗಿನ ನಾಯಕನಾಗಿದ್ದ ಜಾನ್ ನ್ಯೂಟನ್ ಎಂಬವನು ಸಭಾಸೇವೆಗಾಗಿ ವರ್ಷಗಟ್ಟಲೆ ಬೇಡಿಕೊಂಡರೂ ಅಂಗೀಕಾರವನ್ನು ಹೊಂದದೆ ಇದ್ದನು. ಡಾರ್ಟ್‌ಮತ್ ಪ್ರಭುವು ಅವನ ಪರವಾಗಿ ಬಿಷಪರ ಸಂಗಡ ಮಾತನಾಡಿ, ತನ್ನ ಪೋಷಣೆಯಲ್ಲಿದ್ದ ಓಲ್ನಿ ಊರಿನ ಸಭೆಯ ಸೇವೆಯನ್ನು ಅವನಿಗೆ ಕೊಡಿಸಿದನು. ಅಲ್ಲಿ ನ್ಯೂಟನನು ಕವಿಯಾದ ಕೌಪರನ ಸಂಗಡ ಕೀರ್ತನೆಗಳನ್ನು ರಚಿಸಿದನು. 1779ರಲ್ಲಿ ಅವು ಅಚ್ಚಾದವು. 1785ರಲ್ಲಿ ಯೌವನಸ್ಥನಾದ ವಿಲ್ಬರ್‌ಫೋರ್ಸನು ರಾಜಕಾರ್ಯವನ್ನು ಬಿಡಲೋ ಎಂದು ತಳಮಳಗೊಂಡಾಗ, ಬಿಡಬೇಡವೆಂದು ಬುದ್ಧಿಹೇಳಿದವನು ಈ ನ್ಯೂಟನನೇ. 1788ರಲ್ಲಿ ಅವನು ಗುಲಾಮವ್ಯಾಪಾರದಲ್ಲಿ ತಾನೇ ಕಂಡ ಕ್ರೌರ್ಯವನ್ನು ಬರೆದು ಪ್ರಕಟಿಸಿದನು. ವಿಲ್ಬರ್‌ಫೋರ್ಸನೂ ಅವನ ಸಂಗಡಿಗರೂ ಬಹುಕಾಲ ಹೋರಾಡಿದ ಮೇಲೆ, 1807ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಆ ವ್ಯಾಪಾರವನ್ನು ನಿಷೇಧಿಸಿತು. ಡಾರ್ಟ್‌ಮತ್ ಪ್ರಭುವಾದರೋ 1801ರಲ್ಲೇ ತೀರಿಕೊಂಡಿದ್ದನು. ಆ ದಿನವನ್ನು ಕಾಣಲಿಲ್ಲ.

ಸಹೋದರ ಸಹೋದರಿಯರೇ, ಮಂತ್ರಿಯ ಅಧಿಕಾರವಿದ್ದರೂ ಯುದ್ಧವನ್ನು ತಡೆಯಲಾರದವನು, ಹೊರಗೆ ನಿಂತಿದ್ದ ಒಬ್ಬನಿಗಾಗಿ ಆಡಿದ ಮಾತಿನಿಂದ ತಾನು ಕಾಣದ ಅನೇಕರಿಗೆ ಉಪಕಾರಿಯಾದನು. ನಮ್ಮಲ್ಲಿ ಸಭೆಯ ಹಿರಿಯರೂ ಶಾಲೆಯ ಉಪಾಧ್ಯಾಯರೂ ಪಂಚಾಯತಿಯಲ್ಲಿ ಕುಳಿತವರೂ ಇದ್ದಾರೆ. ದೊಡ್ಡ ಕಾರ್ಯಗಳು ನಮ್ಮ ಕೈಮೀರಿ ಹೋಗಬಹುದು. ಆದರೆ ಹಿಂದಿನ ನಡತೆಯ ನಿಮಿತ್ತ ತಳ್ಳಲ್ಪಟ್ಟವನು ಮಾನಸಾಂತರಪಟ್ಟು ನಮ್ಮ ಬಾಗಿಲಿಗೆ ಬಂದಾಗ, ಅವನ ಪರವಾಗಿ ಒಂದು ಮಾತು ಆಡುವದು ನಮ್ಮ ಕೈಯಲ್ಲಿಯೇ ಇದೆ. ಅದರ ಫಲವನ್ನು ನಾವು ಕಾಣದೆ ಹೋದರೂ ಕರ್ತನು ಕಾಣುವನು. ಆಮೆನ್.